ನಲ್ಲಿಯವರ ರಕ್ತ

ನನ್ನಣ್ಣ ರಕ್ತ ಕೊಡಲು ಹೋಗುವ ದಿನ ಯಾವುದೆಂದು ಅವನು ನನಗೆ ಹೇಳಬೇಕಾಗಿಯೇ ಇರಲಿಲ್ಲ. ಹಿಂದಿನ ಸಂಜೆ ಬಚ್ಚಲಲ್ಲಿ ಕೂತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಗುರಿನ ಸಂದಿಯ ಕರಿ ತಿಕ್ಕಲು ಶುರು ಮಾಡುತ್ತಿದ್ದ. ಅವನು ಪ್ಲಂಬರ್. ಹುಡುಗಾಟದ ವಯಸ್ಸಿನಿಂದ ಪೈಪು, ಗ್ರೀಸು, ಚರಂಡಿ ಎಂದು ಕೈ ಹಾಕಿದವನ ಉಗುರು ಒಂದು ಸಂಜೆಗೆ ಬೆಳ್ಳಗಾಗುತ್ತದೆಯೇ? ಆದರೂ ಬಿಡುತ್ತಿರಲಿಲ್ಲ. ಬೆಳಿಗ್ಗೆ ಗಡ್ಡ ಹೆರೆದು, ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಡುತ್ತಿದ್ದ. ನೆಂಟರ ಮದುವೆಗೆ ಮುದುರಿದ ಅಂಗಿಯಲ್ಲೇ ಬಂದು ನನ್ನ ಮಾನ ಕಳೆಯುವ ಗಂಡಸು, ಮೈಯ ರಕ್ತ ತೆಗೆಸಿಕೊಳ್ಳಲು ಮದುಮಗನ ಹಾಗೆ ಹೊರಡುತ್ತಿದ್ದ.

ನಮ್ಮದು ಇಬ್ಬರೇ ಇರುವ ಮನೆ. ನನ್ನ ಗಂಡ ತೀರಿಕೊಂಡ ಮೇಲೆ ಅಣ್ಣ ತನ್ನ ಸಾಮಾನಿನ ಪೆಟ್ಟಿಗೆ ಹೊತ್ತುಕೊಂಡು ಬಂದು ಮಹಡಿಯ ಕೋಣೆ ಸೇರಿದ. ನಾನು ಬೀದಿಯ ಕೊನೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತೇನೆ. ಅವನ ಮದುವೆಯ ಮಾತೆತ್ತಿದರೆ, "ಮೊದಲು ಈ ಮನೆ ಪೈಪು ಬದಲಾಯಿಸೋಣ, ಆಮೇಲೆ ನೋಡೋಣ" ಎನ್ನುತ್ತಿದ್ದ. ಬೀದಿಯ ಮನೆಗಳ ಪೈಪೆಲ್ಲ ಬದಲಾಯಿತು. ನಮ್ಮ ಮನೆಯದು ಇವತ್ತಿಗೂ ಹಾಗೇ ಇದೆ.

ಬ್ಲಡ್ ಬ್ಯಾಂಕಿನಲ್ಲಿ ಅವನನ್ನು 'ನಲ್ಲಿಯವರು' ಎಂದು ಕರೆಯುತ್ತಿದ್ದರು. ಪಕ್ಕದ ಮಂಚದವರ ಚೀಲ ಅರ್ಧ ತುಂಬುವಷ್ಟರಲ್ಲಿ ಇವನದು ತುಂಬಿ, ಮುಚ್ಚಿ, ತೂಕವೂ ಆಗಿರುತ್ತಿತ್ತಂತೆ. ಅಲ್ಲಿಯ ಸಿಸ್ಟರ್ ಒಮ್ಮೆ ನಗುತ್ತಾ, "ನಿಮ್ಮದು ನರ ಅಲ್ಲ, ನಲ್ಲಿ" ಎಂದಿದ್ದೇ ನೆಪ, ಹೆಸರು ಅಂಟಿಕೊಂಡಿತು. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಮುಖ ಊದಿಸಿಕೊಳ್ಳುವ ಆಸಾಮಿ ಇದನ್ನು ನನಗೆ ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ತನ್ನ ರಕ್ತ ಸಲೀಸಾಗಿ ಹರಿಯುವುದು ತನ್ನದೇ ಕೈಕೆಲಸ ಎನ್ನುವ ಹಾಗೆ ಬೀಗುತ್ತಿದ್ದ.

ಆ ಸಿಸ್ಟರ್ ಸೂಜಿ ತೆಗೆದ ಮೇಲೆ ಹತ್ತಿ ಇಟ್ಟು, ಅವನ ಮೊಣಕೈಯನ್ನು ತಾನೇ ಮಡಿಸಿ, "ಸ್ವಲ್ಪ ಹೊತ್ತು ಹೀಗೇ ಹಿಡ್ಕೊಂಡಿರಿ" ಎನ್ನುತ್ತಿದ್ದರಂತೆ. ಇವನು ಬಸ್ಸಿನಲ್ಲೂ ಹಾಗೇ, ಬೀದಿಯಲ್ಲೂ ಹಾಗೇ, ಮನೆಗೆ ಬಂದು ಕಾಫಿ ಕುಡಿಯುವಾಗಲೂ ಹಾಗೇ ಕೈ ಮಡಿಸಿಕೊಂಡಿರುತ್ತಿದ್ದ.

"ರಕ್ತ ಯಾವಾಗ್ಲೋ ನಿಂತಿರತ್ತೆ. ಕೈ ಬಿಡಬಾರದೇನೋ?" ಎಂದು ನಾನು ರೇಗಿಸುತ್ತಿದ್ದೆ.

"ಸಿಸ್ಟರ್ ಬಿಡಿ ಅಂತ ಹೇಳಿಲ್ಲ," ಎನ್ನುತ್ತಿದ್ದ.

ಆ ಕೋಣೆಯಲ್ಲಿ ಕೈ ತೊಳೆಯುವ ಒಂದು ನಲ್ಲಿ ಇತ್ತು. ಮೊದಲ ಸಲ ಮಂಚದ ಮೇಲೆ ಮಲಗಿದ್ದಾಗಲೇ ಅದು ತೊಟ್ಟಿಕ್ಕುವುದನ್ನು ಕೇಳಿ ಇವನಿಗೆ ತಡೆಯಲಾಗಲಿಲ್ಲ. ರಕ್ತ ಕೊಟ್ಟವರಿಗೆ ಕೊಡುವ ಬಿಸ್ಕತ್ತು ತಿಂದು, ನಾಳೆಯವರೆಗೆ ಕೈಗೆ ಭಾರದ ಕೆಲಸ ಬೇಡ ಎಂದಿದ್ದನ್ನು ಕಿವಿಗೆ ಹಾಕಿಕೊಳ್ಳದೆ, ವಾಷರ್ ಬದಲಾಯಿಸಿಯೇ ಬಂದಿದ್ದ. ವಿಚಿತ್ರವೆಂದರೆ ಮುಂದಿನ ಸಲ ಹೋದಾಗ ಅದೇ ನಲ್ಲಿ ಮತ್ತೆ ತೊಟ್ಟಿಕ್ಕುತ್ತಿತ್ತು. ಅದರ ಮುಂದಿನ ಸಲವೂ ಅಷ್ಟೆ. ರಬ್ಬರಿನದು ಬಿಟ್ಟು ಚರ್ಮದ್ದು ಹಾಕಿದ. ಚರ್ಮದ್ದು ಬಿಟ್ಟು ನೈಲಾನಿನದು ಹಾಕಿದ. "ನಾನು ಹಾಕಿದ ವಾಷರ್ ವರ್ಷಗಟ್ಟಲೆ ಬರತ್ತೆ ಕಣೆ. ಅಲ್ಲಿ ಮಾತ್ರ ಮೂರು ತಿಂಗಳೂ ನಿಲ್ಲಲ್ಲ. ಆ ನೀರಲ್ಲೇ ಏನೋ ದೋಷ ಇದೆ," ಎಂದು ನನ್ನ ತಲೆ ತಿನ್ನುತ್ತಿದ್ದ. ಒಮ್ಮೆ ಆ ಗಡಿಬಿಡಿಯಲ್ಲಿ ತನ್ನ ಸಣ್ಣ ಸ್ಪ್ಯಾನರನ್ನೂ ಎಲ್ಲೋ ಕಳೆದುಕೊಂಡು, ನನ್ನಿಂದ ಮಂಚದ ಕೆಳಗೆಲ್ಲ ಹುಡುಕಿಸಿದ್ದ.

ನಾನೇನು ಪೆದ್ದಿಯಲ್ಲ. ಕೂತರೆ ನಿಂತರೆ "ಸಿಸ್ಟರ್ ಹೇಳಿದ್ರು" ಎನ್ನುವ ಗಂಡಸಿನ ಒಳಗೆ ಏನಿದೆ ಎಂದು ಯಾವ ಹೆಂಗಸಿಗೂ ತಿಳಿಯುತ್ತದೆ. ಆಕೆಗೂ ನಲವತ್ತು ದಾಟಿದೆ, ಮದುವೆಯಾಗಿಲ್ಲ, ಬೇರೆ ಊರಿನಲ್ಲಿ ತಾಯಿ ಒಬ್ಬರೇ ಇದ್ದಾರೆ ಎಂಬಷ್ಟು ಸಂಗತಿಯನ್ನು ವರ್ಷಗಳ ಅವಧಿಯಲ್ಲಿ ಅವನ ಬಾಯಿಂದ ಒಂದೊಂದಾಗಿ ಹೊರಡಿಸಿದ್ದೆ.

"ಒಂದು ಮಾತು ಕೇಳಬಾರದಾ ಅಣ್ಣ?"

"ಏನು ಕೇಳೋದು? ನಾನು ರಕ್ತ ಕೊಡೋಕೆ ಹೋಗ್ತೀನಿ. ಅವರು ತಗೋತಾರೆ. ಅದರ ಮಧ್ಯೆ ಇದೆಲ್ಲ ಯಾಕೆ?" ಎಂದು ಕೆಂಪಾದ ಕಿವಿಯನ್ನು ಕೆರೆದುಕೊಂಡು ಮಹಡಿ ಹತ್ತಿಬಿಡುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ, ಯಾರದೋ ಅಡುಗೆಮನೆಯ ಸಿಂಕಿನ ಕೆಳಗೆ ಮಲಗಿ ಪೈಪು ಬಿಗಿಯುತ್ತಿದ್ದವನಿಗೆ ಎದೆ ಹಿಂಡಿ ಬಂತು. ಪುಣ್ಯಕ್ಕೆ ಮನೆಯವರು ತಕ್ಷಣ ದೊಡ್ಡಾಸ್ಪತ್ರೆಗೆ ಹಾಕಿದರು. ಹೃದಯದ ಒಂದು ರಕ್ತನಾಳ ಕಟ್ಟಿಕೊಂಡಿತ್ತು. ಅದನ್ನು ಬಿಡಿಸಿ ಒಳಗೊಂದು ಸ್ಟೆಂಟ್ ಇಟ್ಟರು. ನನ್ನ ಜೀವ ಬಾಯಿಗೆ ಬಂದಿತ್ತು. ಇವನು ಮಾತ್ರ ಎಚ್ಚರವಾದ ಮೇಲೆ ಡಾಕ್ಟರನ್ನು ಹಿಡಿದು, ಆ ಸ್ಟೆಂಟಿನ ವ್ಯಾಸ ಎಷ್ಟು, ಯಾವ ಲೋಹ, ತುಕ್ಕು ಹಿಡಿಯಲ್ಲವಾ ಎಂದು ವಿಚಾರಿಸುತ್ತಿದ್ದ.

ಡಾಕ್ಟರ್ ಒಳ್ಳೆಯವರು. ಪ್ಲಂಬರ್ ಎಂದು ತಿಳಿದು ಅವನ ಭಾಷೆಯಲ್ಲೇ ಹೇಳಿದರು. ಒಂದು ಮಾತ್ರೆ ಪೈಪಿನ ಒಳಗೋಡೆಗೆ ಜಿಡ್ಡು ಕೂರದ ಹಾಗೆ ನೋಡಿಕೊಳ್ಳುತ್ತದೆ, ಒಂದು ಮೋಟಾರನ್ನು ನಿಧಾನವಾಗಿ ಓಡಿಸುತ್ತದೆ, ಇನ್ನೆರಡು ರಕ್ತ ಕಟ್ಟದ ಹಾಗೆ ಕಾಯುತ್ತವೆ, ಕಾಲು ಊದಿರುವುದಕ್ಕೆ ಮತ್ತೊಂದು ಎಂದರು. "ರಕ್ತ ತೆಳುವಾಗಿ ಹರಿಯಲಿ ಅಂತ" ಎಂದು ಬಾಯಿತಪ್ಪಿ ಸೇರಿಸಿದರು. ಆ ಒಂದು ಮಾತು ಇವನ ತಲೆಯಲ್ಲಿ ಕೂತಿತು. ಮನೆಗೆ ಬರುವ ದಾರಿಯಲ್ಲಿ ಆಟೋದಲ್ಲಿ ನನ್ನ ಕಡೆ ತಿರುಗಿ, "ಹಾಗಾದ್ರೆ ಇನ್ಮೇಲೆ ಚೀಲ ಇನ್ನೂ ಬೇಗ ತುಂಬತ್ತೆ ಅಲ್ವಾ?" ಎಂದ. ಸಾವಿನ ಬಾಯಿಂದ ಬಂದವನ ಮುಖದಲ್ಲಿ ಎಂಥ ಸಂತೋಷವೆಂದರೆ ನನಗೆ ಬಯ್ಯಲೂ ಮನಸ್ಸಾಗಲಿಲ್ಲ.

ಮನೆಯಲ್ಲಿ ಕೂರಿಸಿಕೊಂಡು ತಿಳಿಹೇಳಿದೆ. ದಿನವೂ ಆ ಮಾತ್ರೆಗಳನ್ನೇ ಕತ್ತರಿಸಿ ಕೊಡುವ ಕೆಲಸ ನನ್ನದು, ಅಂಗಡಿಯ ಯಜಮಾನರು ಗಿರಾಕಿಗಳಿಗೆ ಹೇಳುವುದನ್ನು ಕೇಳಿ ಕೇಳಿ ಬಾಯಿಪಾಠವಾಗಿದೆ.

"ತೆಳು ಅನ್ನೋದು ಬರೀ ಬಾಯಿಮಾತು ಅಣ್ಣ. ನಿನ್ನ ರಕ್ತ ಮೊದಲು ಎಷ್ಟು ಮಂದ ಇತ್ತೋ ಈಗಲೂ ಹೆಚ್ಚುಕಮ್ಮಿ ಅಷ್ಟೇ ಮಂದ. ಅದರಲ್ಲಿ ಪ್ಲೇಟ್‌ಲೆಟ್ ಅಂತ ಚೂರುಚೂರು ಕಣ ಇರತ್ತೆ. ಗಾಯ ಆದ ಕಡೆ ಒಂದಕ್ಕೊಂದು ಅಂಟ್ಕೊಂಡು ತೂತು ಮುಚ್ಚೋದು ಅವೇ. ಈಗ ಒಳಗೆ ಹೊಸ ಲೋಹ ಇದೆಯಲ್ಲ, ಅದನ್ನೂ ಗಾಯ ಅಂದ್ಕೊಂಡು ಅಲ್ಲೇ ಗುಂಪು ಕಟ್ತವೆ. ಹಾಗೆ ಅಂಟದೇ ಇರಲಿ ಅಂತ ಈ ಎರಡು ಮಾತ್ರೆ."

"ಮತ್ತೆ ಕಾಲು ಊದಿದ್ದಕ್ಕೆ ಕೊಟ್ಟಿರೋದು?"

"ಅದು ಮೈಯಲ್ಲಿ ಹೆಚ್ಚಾಗಿರೋ ನೀರು ತೆಗೆಯತ್ತೆ. ನೀರು ಜಾಸ್ತಿ ಹೋಗ್ಬಿಟ್ರೆ ರಕ್ತ ಒಂದು ಚೂರು ಗಟ್ಟಿ ಆಗತ್ತೆ. ಅದಕ್ಕೇ ಆಗಾಗ ಪರೀಕ್ಷೆಗೆ ಬನ್ನಿ ಅಂದಿರೋದು."

"ಒಂದು ಗಟ್ಟಿ ಮಾಡತ್ತೆ, ಒಂದು ತೆಳು ಮಾಡತ್ತೆ. ನಿಮ್ಮ ಡಾಕ್ಟರಿಗೆ ಒಂದು ತೀರ್ಮಾನ ಇಲ್ವಾ?" ಎಂದು ಗೊಣಗಿ, ನಾನು ಹೇಳಿದ್ದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ಮಾತ್ರೆ ನಿಜವಾಗಿ ಏನು ಮಾಡುತ್ತದೆಂದು ತಿಳಿದದ್ದು ಅವನ ಗಲ್ಲದ ಮೇಲೆ. ಮೊದಲಾದರೆ ಬ್ಲೇಡು ತಾಗಿದ ಗಾಯ ಅಂಗಿ ಹಾಕುವಷ್ಟರಲ್ಲಿ ಒಣಗಿರುತ್ತಿತ್ತು. ಈಗ ಜಿನುಗುತ್ತಲೇ ಇರುತ್ತಿತ್ತು. ಪೇಪರಿನ ಚೂರು ಅಂಟಿಸಿಕೊಂಡು ತಿಂಡಿಗೆ ಬಂದು ಕೂರುತ್ತಿದ್ದ, ಪೇಪರು ನೆನೆದರೆ ಇನ್ನೊಂದು ಚೂರು. ಮೈಯಲ್ಲಿ ಅಲ್ಲಲ್ಲಿ ನೀಲಿ. ಪೈಪು ತಾಗಿದ್ದಕ್ಕೂ ನೀಲಿ, ಬಾಗಿಲು ತಾಗಿದ್ದಕ್ಕೂ ನೀಲಿ. ಅದನ್ನೆಲ್ಲ ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನ ಕಣ್ಣೆಲ್ಲ ಹಿಂದಿನ ಸಲ ರಕ್ತ ಕೊಟ್ಟು ಮೂರು ತಿಂಗಳು ಯಾವಾಗ ತುಂಬುತ್ತದೆ ಎಂಬುದರ ಮೇಲೆ.

ಆ ದಿನ ಬಂತು. ನಾನು ಬೇಡವೆಂದರೂ ಉಗುರು ತಿಕ್ಕಿ, ಇಸ್ತ್ರಿ ಅಂಗಿ ತೊಟ್ಟು ಹೊರಟ. ಮಧ್ಯಾಹ್ನದ ಹೊತ್ತಿಗೆ ವಾಪಸು ಬಂದಾಗ ಕೈ ನೆಟ್ಟಗೆ ಇಳಿಬಿದ್ದಿತ್ತು. ಅದನ್ನು ನೋಡಿಯೇ ನನಗೆ ಅರ್ಥವಾಯಿತು. ಬಾಗಿಲಲ್ಲೇ ಇರುವ ಚಿಕ್ಕ ಡಾಕ್ಟರ್ ತಪಾಸಣೆ ಮಾಡುವಾಗ ಮಾತ್ರೆಯ ಹಾಳೆ ನೋಡಿ, ಇದನ್ನು ತೆಗೆದುಕೊಳ್ಳುವವರಿಂದ ರಕ್ತ ತೆಗೆಯುವ ಹಾಗಿಲ್ಲ ಎಂದು ಕೈಮುಗಿದು ಕಳಿಸಿದ್ದರು. ಹೃದಯಕ್ಕೆ ಹೀಗಾದ ಮೇಲೆ ಇನ್ನು ಯಾವತ್ತೂ ಕೊಡುವ ಹಾಗಿಲ್ಲ ಎಂದೂ ಹೇಳಿದರಂತೆ. ಅದನ್ನು ಮಾತ್ರ ಇವನು ಮನಸ್ಸಿಗೆ ಹಾಕಿಕೊಂಡಿರಲಿಲ್ಲ.

"ಸಿಸ್ಟರ್ ಇರಲಿಲ್ವಾ?"

"ಗಾಜಿನ ಆಚೆ ಇದ್ರು. ಯಾರಿಗೋ ಸೂಜಿ ಹಾಕ್ತಿದ್ರು. ಆ ನಲ್ಲಿ ಹಾಗೇ ತೊಟ್ಟಿಕ್ತಾ ಇತ್ತು ಕಣೆ," ಎಂದು ಹೇಳಿ ಊಟವನ್ನೂ ಮಾಡದೆ ಮಹಡಿಗೆ ಹೋದ.

ಅಲ್ಲಿಂದ ಮುಂದೆ ಅವನನ್ನು ನೋಡುವುದು ಕಷ್ಟವಾಯಿತು. ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಆದರೆ ಮೊದಲಿನ ಗೊಣಗಾಟವಿಲ್ಲ, ಜಂಬವಿಲ್ಲ. ಅನ್ನದ ಮುಂದೆ ಕೂತವನು ಎಲ್ಲೋ ಇರುತ್ತಿದ್ದ. ಎಡಗೈಯ ಮಡಚುವ ಜಾಗದಲ್ಲಿ ವರ್ಷಗಳ ಸೂಜಿಯಿಂದ ಆದ ಒಂದು ಸಣ್ಣ ಗುಳಿ ಇತ್ತು. ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ಅಲ್ಲಿಗೆ ಹೋಗಿ ಕೂರುತ್ತಿತ್ತು. ಒಂದು ದಿನ ನನಗೇ ತಡೆಯಲಾಗದೆ ಹೇಳಿಬಿಟ್ಟೆ.

"ರಕ್ತ ಕೊಡೋಕೆ ಆಗದಿದ್ರೆ ಬಿಡು. ಸುಮ್ನೆ ಹೋಗಿ ಮಾತಾಡಿಸ್ಕೊಂಡು ಬಾ."

"ಬರೀ ಕೈಲಿ ಹೋಗೋದಾ?" ಎಂದ. "ಏನಂತ ಹೋಗ್ಲಿ? ಅಲ್ಲಿ ನನಗೆ ಏನು ಕೆಲಸ?"

ತನ್ನಿಂದ ಏನಾದರೂ ತೆಗೆದುಕೊಂಡರೆ ಮಾತ್ರ ತನಗೆ ಅಲ್ಲಿ ಕೂರುವ ಹಕ್ಕು ಎಂದು ನಂಬಿದ ಮನುಷ್ಯ ಅವನು. ನನ್ನ ಮನೆಯಲ್ಲೂ ಇಷ್ಟು ವರ್ಷ ಹಾಗೇ ಇದ್ದಾನೆ, ದಿನಕ್ಕೊಂದು ರಿಪೇರಿ ಮಾಡದೆ ಊಟಕ್ಕೆ ಕೂತವನಲ್ಲ. ನನಗೆ ಸಂಕಟವಾಯಿತು, ಅವನ ಮೇಲೆ ಸಿಟ್ಟೂ ಬಂತು.

ಆಮೇಲೆ ಒಂದು ಸುದ್ದಿ ಬಂತು. ಬ್ಲಡ್ ಬ್ಯಾಂಕಿನ ವಾಚ್‌ಮನ್ ಮನೆಯ ಟ್ಯಾಂಕು ಸೋರುತ್ತಿದೆ ಎಂದು ಅಣ್ಣ ಹೋಗಿದ್ದ. ಸಿಸ್ಟರ್‌ಗೆ ಅವರೇ ಕೇಳಿಕೊಂಡ ಪ್ರಕಾರ ತಾಯಿಯ ಊರಿಗೆ ವರ್ಗವಾಗಿದೆ, ತಾಯಿ ಹಾಸಿಗೆ ಹಿಡಿದಿದ್ದಾರೆ, ಈ ತಿಂಗಳ ಕೊನೆಗೆ ಹೊರಡುತ್ತಾರೆ ಎಂದು ವಾಚ್‌ಮನ್ ಹೇಳಿದ. ಇದನ್ನು ಅಣ್ಣ ನನಗೆ ಟ್ಯಾಂಕಿನ ವಿಷಯ ಹೇಳಿದ ಹಾಗೇ ಹೇಳಿ ಮುಗಿಸಿದ. ನಾನು ಮುಖ ನೋಡಿದೆ. ಅವನು ಗೋಡೆ ನೋಡುತ್ತಿದ್ದ.

ತಿಂಗಳ ಕೊನೆಯ ದಿನದ ಹಿಂದಿನ ಸಂಜೆ ಬಚ್ಚಲಿನಿಂದ ಬ್ರಷ್ಷಿನ ಸದ್ದು ಕೇಳಿತು. ಉಗುರು ತಿಕ್ಕುತ್ತಿದ್ದ. ಅಂತೂ ಬುದ್ಧಿ ಬಂತು, ಬರೀ ಕೈಲಾದರೂ ಹೋಗಿ ಬರುತ್ತಾನೆ ಎಂದು ನನಗೆ ಖುಷಿಯೇ ಆಯಿತು. ಬೆಳಿಗ್ಗೆ ನಾನೇ ಅಂಗಿಗೆ ಇಸ್ತ್ರಿ ಹಾಕಿಕೊಟ್ಟೆ. ಗಡ್ಡ ಹೆರೆದುಕೊಂಡು ಬಂದು ತಿಂಡಿಗೆ ಕೂತ. ಗಲ್ಲದ ಮೇಲೆ ಬ್ಲೇಡು ತಾಗಿದ ಗೆರೆ ಇತ್ತು. ಉದ್ದದ ಗೆರೆಯೇ. ಪೇಪರಿನ ಚೂರಿಲ್ಲ, ಜಿನುಗಿಲ್ಲ. ಗಾಯ ಒಣಗಿ ಕಪ್ಪಾಗಿ ಕೂತಿತ್ತು.

ತಟ್ಟೆ ಅಲ್ಲೇ ಇಟ್ಟು ಕೇಳಿದೆ.

"ಮಾತ್ರೆ ಬಿಟ್ಟು ಎಷ್ಟು ದಿನ ಆಯ್ತು?"

ನಾನು ಮಹಡಿಗೆ ಓಡಿ ಅವನ ಸಾಮಾನಿನ ಪೆಟ್ಟಿಗೆ ತೆರೆದೆ. ಔಷಧಿ ಎಸೆಯಲು ಮನಸ್ಸು ಬಂದಿಲ್ಲ ಪುಣ್ಯಾತ್ಮನಿಗೆ, ವಾಷರ್ ಹಾಕುವ ಡಬ್ಬಿಯಲ್ಲಿ ವಾಷರ್‌ಗಳ ಜೊತೆಗೇ ಇಟ್ಟಿದ್ದ. ನಾನು ದಿನವೂ ಅಂಗೈಗೆ ಹಾಕಿದ ಮಾತ್ರೆಗಳು. ಡಬ್ಬಿ ತಂದು ಅವನ ಮುಂದೆ ಸುರಿದೆ.

"ಲೈನ್ ಖಾಲಿ ಮಾಡ್ತಿದ್ದೆ ಕಣೆ," ಎಂದ ಮೆಲ್ಲಗೆ. "ಪೈಪಲ್ಲಿ ಕೆಲಸ ಇದ್ರೆ ಮೊದಲು ಮೇಲಿನ ವಾಲ್ವ್ ಮುಚ್ಚಿ, ಒಳಗಿರೋದನ್ನ ಖಾಲಿ ಮಾಡ್ಕೋತೀವಿ. ಕೆಲಸ ಆದ್ಮೇಲೆ ಮತ್ತೆ ಬಿಡ್ತೀವಿ. ಹಾಗೇನೇ. ಇವತ್ತು ಒಂದು ಸಲ ಕೊಟ್ಟು, ಸಂಜೆಯಿಂದ ಮತ್ತೆ ಶುರು ಮಾಡೋಣ ಅಂತ."

"ನಿನ್ನ ಮೈ ಏನು ಬೀದಿ ಪೈಪಾ? ಒಳಗೆ ಹೊಸ ಸ್ಟೆಂಟ್ ಇಟ್ಕೊಂಡು ಮಾತ್ರೆ ಬಿಟ್ರೆ ರಕ್ತ ಅಲ್ಲೇ ಹೆಪ್ಪುಗಟ್ಟತ್ತೆ ಅಂತ ಬಾಯಿ ಬಡ್ಕೊಂಡೆನಲ್ಲ. ಸತ್ತು ಹೋಗ್ತೀಯ ಅಣ್ಣ."

"ಅವರು ಇವತ್ತು ಸಾಯಂಕಾಲ ಹೊರಟೋಗ್ತಾರೆ," ಎಂದ. ಆಮೇಲೆ ತಲೆ ತಗ್ಗಿಸಿ, "ಒಂದ್ಸಲ ಕೈ ಮಡಿಸಲಿ ಅಂತ," ಎಂದ.

ಇಷ್ಟು ವರ್ಷದಲ್ಲಿ ಅವನು ಬಾಯಿಬಿಟ್ಟು ಹೇಳಿದ್ದು ಅಷ್ಟೇ. ನನಗೆ ಅಳು ಬಂತು, ಅವನ ಬೆನ್ನಿಗೆ ನಾಲ್ಕು ಬಾರಿಸೋಣ ಎಂದೂ ಅನ್ನಿಸಿತು. ಅಷ್ಟರಲ್ಲಿ ಅವನ ಹಣೆಯ ಬೆವರು ನೋಡಿದೆ. ಕೇಳಿದರೆ, ಬೆಳಗಿನಿಂದ ಎದೆ ಬಿಗಿಯುತ್ತಿದೆ, ಗ್ಯಾಸ್ ಇರಬೇಕು ಎಂದ. ಅಂಗಡಿಯ ಯಜಮಾನರಿಗೆ ಫೋನು ಮಾಡಿದೆ. ಅವರು ಹೇಳಿದ ಮಾತ್ರೆಯನ್ನು ಅಗಿಸಿ, ಅದೇ ಇಸ್ತ್ರಿ ಅಂಗಿಯಲ್ಲಿ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದೆ. ನೋಡಿದ ತಕ್ಷಣ ಒಳಗೆ ಕರೆದೊಯ್ದರು. ಸ್ಟೆಂಟಿನೊಳಗೆ ರಕ್ತ ಕಟ್ಟಲು ಶುರುವಾಗಿತ್ತು. ಬಹಳ ಹೊತ್ತಿನ ಮೇಲೆ ಡಾಕ್ಟರ್ ಹೊರಗೆ ಬಂದು, ಅಪಾಯವಿಲ್ಲ, ಆದರೆ ಇವತ್ತು ಯಾರನ್ನೂ ಒಳಗೆ ಬಿಡುವುದಿಲ್ಲ ಎಂದರು.

ಹೊರಗಿನ ಬೆಂಚಿನಲ್ಲಿ ಕೂತು ನಾನೇನು ಮಾಡಲಿ? ಗಡಿಯಾರ ನೋಡಿದೆ. ಬಸ್ಸು ಹತ್ತಿ ಬ್ಲಡ್ ಬ್ಯಾಂಕಿಗೆ ಹೋದೆ. ಆಕೆಯನ್ನು ಬಯ್ಯಬೇಕೋ ಬೇಡಿಕೊಳ್ಳಬೇಕೋ ನನಗೇ ತಿಳಿದಿರಲಿಲ್ಲ.

ಮಂಚಗಳು ಖಾಲಿಯಿದ್ದವು. ತೆಳ್ಳಗಿನ ಹೆಂಗಸೊಬ್ಬರು ಡ್ರಾಯರಿನಿಂದ ತಮ್ಮ ಸಾಮಾನು ತೆಗೆದು ಚೀಲಕ್ಕೆ ತುಂಬುತ್ತಿದ್ದರು. ಮೂಲೆಯ ನಲ್ಲಿ ತೊಟ್ಟಿಕ್ಕುತ್ತಿತ್ತು.

"ನಾನು ನಲ್ಲಿಯವರ ತಂಗಿ," ಎಂದೆ.

ಆಕೆ ಕೈಯಲ್ಲಿದ್ದುದನ್ನು ಕೆಳಗಿಟ್ಟರು. ನಾನು ಎಲ್ಲವನ್ನೂ ಹೇಳಿದೆ. ಮಾತ್ರೆ ಬಿಟ್ಟಿದ್ದು, ಲೈನ್ ಖಾಲಿ ಮಾಡಿದ್ದು, ಈಗ ಮಲಗಿರುವುದು. ಕೈ ಮಡಿಸುವ ಮಾತನ್ನೂ ಮುಚ್ಚಿಡಲಿಲ್ಲ. ಆಕೆ ಮಂಚದ ಅಂಚಿನಲ್ಲಿ ಕೂತರು.

"ಆವತ್ತು ಅವರು ವಾಪಸ್ ಹೋಗಿದ್ದು ನೋಡಿದೆ," ಎಂದರು. "ಬೆನ್ನು ಮಾತ್ರ ಕಾಣಿಸ್ತು. ನನ್ನ ಕೈಲಿ ಬೇರೆಯವರ ಸೂಜಿ ಇತ್ತು. ಬಿಟ್ಟು ಓಡೋಕೆ ಆಗತ್ತಾ? ಆಮೇಲೆ ದಿನಾ ಬಾಗಿಲು ನೋಡ್ತಿದ್ದೆ. ನಲ್ಲಿಗಾದ್ರೂ ಬರ್ತಾರೆ ಅಂತ."

"ಅದೊಂದು ಹಾಳು ನಲ್ಲಿ. ಅದರ ವಾಷರ್ ಯಾಕೆ ನಿಲ್ಲಲ್ಲ ಅಂತ ಅಣ್ಣ ತಲೆ ಕೆಡಿಸ್ಕೊಂಡಿದ್ದ."

ಆಕೆಯ ಮುಖ ಕೆಂಪಗಾಯಿತು. ಡ್ರಾಯರಿನಿಂದ ಒಂದು ಚಿಕ್ಕ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟರು. ಒಳಗೆ ವಾಷರ್‌ಗಳಿದ್ದವು, ರಬ್ಬರಿನವು, ಚರ್ಮದವು, ನೈಲಾನಿನವು. ಎಲ್ಲವೂ ಚೆನ್ನಾಗಿಯೇ ಇದ್ದವು.

"ಅವರು ಬರೋ ಹಿಂದಿನ ದಿನ ಇವನ್ನ ತೆಗೆದು, ಅದೇ ಥರದ ಸವೆದ ವಾಷರ್ ಎಲ್ಲಿಂದಾದ್ರೂ ತಂದು ಹಾಕಿಡ್ತಿದ್ದೆ," ಎಂದರು. "ಅವರು ಮಾಡೋದು ನೋಡಿ ನೋಡಿ ಕಲ್ತೆ. ಚೀಲ ಅಷ್ಟು ಬೇಗ ತುಂಬಿಬಿಡ್ತಿತ್ತಲ್ಲ. ಇನ್ನೊಂದು ಸ್ವಲ್ಪ ಹೊತ್ತು ಇರಲಿ ಅಂತ."

ನಾನು ಆಕೆಯನ್ನು ನೋಡುತ್ತಾ ನಿಂತೆ. ಇಬ್ಬರಿಗೂ ಒಂದೇ ಮಾತ್ರೆ ಬರೆದುಕೊಡಬೇಕಾಗಿತ್ತು, ಬಾಯಿ ಬಿಡಿಸುವ ಮಾತ್ರೆ. ಅದು ನಮ್ಮ ಅಂಗಡಿಯಲ್ಲಿ ಸಿಗುವುದಿಲ್ಲ.

"ಒಂದು ಸಲ ಬಂದು ನೋಡಿ ಹೋಗಿ ಸಿಸ್ಟರ್. ಯಾರನ್ನೂ ಬಿಡಲ್ಲ ಅಂದಿದ್ದಾರೆ, ನಿಮ್ಮನ್ನ ಬಿಟ್ಟಾರು."

ಆಕೆ ತಲೆಯಾಡಿಸಿದರು. "ಈಗ ನೋಡಿದ್ರೆ ನನಗೆ ಹೋಗೋಕೆ ಆಗಲ್ಲ. ಅಮ್ಮನಿಗೆ ಒಂದು ಲೋಟ ನೀರು ಕೊಡೋಕೂ ಅಲ್ಲಿ ಯಾರಿಲ್ಲ." ಚೀಲದ ಜಿಪ್ಪು ಎಳೆದು, ಮತ್ತೆ ಅರ್ಧ ತೆರೆದು, ಒಳಗಿನಿಂದ ಒಂದು ವಸ್ತು ತೆಗೆದು ತೋರಿಸಿದರು. ಅಣ್ಣನ ಸಣ್ಣ ಸ್ಪ್ಯಾನರ್. "ಇದು ಅವರದು. ಇದನ್ನ ಮಾತ್ರ ನಾನು ಕೊಡಲ್ಲ. ನನ್ನ ಹತ್ತಿರ ಇದೆ ಅಂತ ಹೇಳಿ. ಬೇಕು ಅಂದ್ರೆ ಬಂದು ತಗೊಂಡು ಹೋಗ್ಲಿ. ಬರೀ ಕೈಲಿ ಬರ್ಲಿ, ಪರವಾಗಿಲ್ಲ." ಊರು, ಬೀದಿ, ಮನೆಯ ಗುರುತು ಹೇಳಿದರು. ಹೊರಡುವಾಗ ನನ್ನ ಕೈಯನ್ನು ಹಿಡಿದು ಬಿಡಲಿಲ್ಲ. ಕೈ ತಣ್ಣಗಿತ್ತು.

ಮರುದಿನ ಅಣ್ಣನನ್ನು ನೋಡಲು ಬಿಟ್ಟರು. ಡಬ್ಬಿಯನ್ನು ಅವನ ಹೊಟ್ಟೆಯ ಮೇಲಿಟ್ಟೆ. ಒಂದು ವಾಷರ್ ತೆಗೆದು ಬೆಳಕಿಗೆ ಹಿಡಿದ, ಬೆರಳಿನಿಂದ ಅಂಚು ಸವರಿದ. ಇನ್ನೊಂದು ತೆಗೆದ. ತನ್ನ ಕೈಯ ಸಾಮಾನು ಅವನಿಗೆ ಗುರುತಾಗದೆ ಇರುತ್ತದೆಯೇ?

"ಹೊಸವೇ ಇದಾವಲ್ಲೇ," ಎಂದ. "ಇದರಲ್ಲಿ ಏನೂ ದೋಷ ಇಲ್ಲ."

"ನೀರಲ್ಲೂ ದೋಷ ಇರಲಿಲ್ಲ," ಎಂದು ನಾನು ಆಕೆ ಹೇಳಿದ್ದನ್ನೆಲ್ಲ ಒಂದು ಅಕ್ಷರ ಬಿಡದೆ ಹೇಳಿದೆ. ಸ್ಪ್ಯಾನರಿನ ಮಾತು ಬಂದಾಗ ಅವನು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಹೆಗಲು ಅಲುಗುತ್ತಿತ್ತು.

ಈಗ ಅವನು ಮನೆಯಲ್ಲಿದ್ದಾನೆ. ದೂರದ ಪ್ರಯಾಣ ಇನ್ನೂ ಬೇಡ ಎಂದು ಡಾಕ್ಟರ್ ಹೇಳಿದ್ದಾರೆ. ಸಂಜೆಯ ಹೊತ್ತು ಮಹಡಿಯ ಕಿಟಕಿಯಲ್ಲಿ ಕೂತು ಬಸ್ಸುಗಳು ಹೋಗುವ ದಾರಿ ನೋಡುತ್ತಾನೆ. ಎಡಗೈ ಮಡಿಸಿಕೊಂಡೇ ಇರುತ್ತದೆ. ನಾನೂ ಈಗ ರೇಗಿಸುವುದಿಲ್ಲ. ಗಲ್ಲದ ಮೇಲೆ ಮತ್ತೆ ಪೇಪರಿನ ಚೂರು ಕಾಣಿಸಿಕೊಂಡಿದೆ, ಅದು ನೆನೆದಿರುವುದನ್ನು ನೋಡಿದರೆ ನನಗೆ ಸಮಾಧಾನ.

ನಿನ್ನೆ ಬೆಳಿಗ್ಗೆ ನಾನು ಕರೆಯುವ ಮೊದಲೇ ಕೆಳಗಿಳಿದು ಬಂದು, ಅಂಗೈ ಚಾಚಿ, ಎಲ್ಲ ಮಾತ್ರೆಗಳನ್ನೂ ನುಂಗಿದ. ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಅಲ್ಲೇ ನಿಂತ.

"ಹೊಸ ಸ್ಪ್ಯಾನರ್ ತಗೊಂಡಿದ್ಯಲ್ಲ, ಅದರಲ್ಲಿ ಕೆಲಸ ಆಗಲ್ವಾ?" ಎಂದು ನಾನೇ ಕೆಣಕಿದೆ.

"ಅದು ಕೈಗೆ ಕೂರಲ್ಲ," ಎಂದ. ಆಮೇಲೆ ಪಾತ್ರೆಗಳ ಕಡೆ ನೋಡುತ್ತಾ ಕೇಳಿದ. "ಬಸ್ಸಲ್ಲಿ ಇಡೀ ದಿನ ಆಗತ್ತಂತೆ ಕಣೆ. ಮಧ್ಯಾಹ್ನದ ಮಾತ್ರೆ ಊಟ ಸಿಗದಿದ್ರೂ ತಗೋಬೇಕಲ್ವಾ?"